ಮೀನುತೊಟ್ಟಿಯ ಕಾಂಡಸಸ್ಯಗಳು: ಸವರುವ ಮತ್ತು ವೃದ್ಧಿ ಮಾಡುವ ಕ್ರಮ

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಪಾಠ)



ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರು ಅದರೊಳಗೆ ಹಸಿರು ಗಿಡಗಳನ್ನೂ ಬಯಸುತ್ತಾರೆ. ಈ ಗಿಡಗಳನ್ನು ಬೆಳೆದು, ಕಟ್ಟು ಕಟ್ಟಿ ಮಾರುವುದು ಹಿತ್ತಲಿನಷ್ಟು ಜಾಗದಲ್ಲಿಯೇ ಮಾಡಬಹುದಾದ ಉಪಕಸುಬು. ಇವುಗಳಲ್ಲಿ ನೆಟ್ಟಗೆ ಕಾಂಡ ಬಿಟ್ಟು ಬೆಳೆಯುವ ಜಾತಿಗಳ ವಿಷಯವನ್ನು ಈ ದಿನ ತಿಳಿಸುತ್ತೇನೆ. ಹೇಳಬೇಕಾದ ಮುಖ್ಯ ಸಂಗತಿ ಒಂದೇ. ಈ ಗಿಡಗಳಿಗೆ ಗೆಣ್ಣೇ ಬೀಜ. ಅದನ್ನರಿತು ಕತ್ತರಿಸಿದರೆ ಲಾಭ. ಮರೆತು ಬಿಸಾಡಿದರೆ ಊರ ಕೆರೆಗೆ ಕೇಡು.

ನೀರುಬ್ರಾಹ್ಮಿ ಅಥವಾ ಬಕೋಪಾ, ರೋಟಾಲಾ, ಹೈಗ್ರೋಫಿಲಾ, ಲಡ್ವಿಜಿಯಾ, ಕಬೋಂಬಾ ಮುಂತಾದವು ಈ ಗುಂಪಿನವು. ಇವುಗಳಲ್ಲಿ ಕೆಲವು ನಮ್ಮವೇ. ನೀರುಬ್ರಾಹ್ಮಿ ನಮ್ಮ ಜೌಗುನೆಲದ ಗಿಡ. ಕೆಂಪೆಲೆಯಿಂದ ಹೆಸರಾದ ರೋಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ್ದು.

ಸವರುವುದು ಏಕೆ?

ಕಾಂಡದ ತುದಿಯಲ್ಲಿ ಉತ್ಪತ್ತಿಯಾಗುವ ಆಕ್ಸಿನ್ ಎಂಬ ಚೋದಕ ಕೆಳಗಿನ ಗೆಣ್ಣುಗಳ ಮೊಗ್ಗುಗಳನ್ನು ಚಿಗುರದಂತೆ ತಡೆದಿಡುತ್ತದೆ. ಆದುದರಿಂದ ಗಿಡ ಒಂಟಿ ಕಡ್ಡಿಯಾಗಿ ಮೇಲೇರುತ್ತದೆ. ನೀರಿನ ಮಟ್ಟ ಮುಟ್ಟಿದ ಮೇಲೆ ಅಡ್ಡಲಾಗಿ ಹರಡಿ ಬುಡಕ್ಕೆ ನೆರಳು ಮಾಡುತ್ತದೆ. ಆಗ ಕೆಳಗಿನ ಎಲೆಗಳು ಹಳದಿಯಾಗಿ ಉದುರಿ ಬರೀ ಕಾಂಡ ಉಳಿಯುತ್ತದೆ. ತುದಿಯನ್ನು ಕತ್ತರಿಸಿದರೆ ಆ ತಡೆ ತಪ್ಪಿ, ಕತ್ತರಿಸಿದ ಜಾಗದ ಕೆಳಗಿನ ಗೆಣ್ಣಿನಿಂದ ಒಂದೆರಡು ಕವಲುಗಳು ಚಿಗುರುತ್ತವೆ. ಸೇವಂತಿಗೆಯ ಕುಡಿ ಚಿವುಟುವವರಿಗೆ ಇದು ಹೊಸ ವಿಷಯವಲ್ಲ.

ಸವರುವ ಕ್ರಮ

ಗಿಡ ನೀರಿನ ಮಟ್ಟ ಮುಟ್ಟುವ ಮೊದಲೇ ಸವರಬೇಕು. ಹರಿತವಾದ ಕತ್ತರಿಯಿಂದ, ಉಳಿಯಬೇಕಾದ ಗೆಣ್ಣಿನ ಸ್ವಲ್ಪ ಮೇಲೆ ಒಂದೇ ಸಲಕ್ಕೆ ಕತ್ತರಿಸಿ. ಮೊಂಡು ಕತ್ತರಿಯಿಂದ ಕಾಂಡ ಜಜ್ಜಿಹೋಗಿ ಕೊಳೆಯುತ್ತದೆ. ಮೊದಲನೆಯ ಸಲ ಗಿಡದ ಅರ್ಧ ಎತ್ತರಕ್ಕೆ ಕತ್ತರಿಸಿ, ಮುಂದಿನ ಸಲ ಹಳೆಯ ಗಾಯಕ್ಕಿಂತ ಒಂದೆರಡು ಗೆಣ್ಣು ಮೇಲೆ ಕತ್ತರಿಸಿದರೆ ಪೊದೆ ತುಂಬಿಕೊಳ್ಳುತ್ತದೆ. ತೊಟ್ಟಿಯ ಎಲ್ಲ ಗಿಡಗಳನ್ನೂ ಒಂದೇ ದಿನ ಸವರಬಾರದು. ಎಲೆ ಕಡಿಮೆಯಾದಾಗ ನೀರಿನಲ್ಲಿರುವ ಪೋಷಕಾಂಶಗಳು ಬಳಕೆಯಾಗದೆ ಉಳಿದು ಪಾಚಿಗೆ ಅವಕಾಶವಾಗುತ್ತದೆ. ಸವರಿದ ದಿನ ತೇಲುವ ಚೂರುಗಳನ್ನೆಲ್ಲ ಬಲೆಯಿಂದ ಎತ್ತಿ, ಮೂರನೇ ಒಂದು ಭಾಗ ನೀರು ಬದಲಾಯಿಸುವುದು ಒಳ್ಳೆಯದು.

ಕಡ್ಡಿ ನೆಡುವುದು

ಕಬ್ಬಿನ ಬಿತ್ತನೆಗೆ ಮೇಲ್ಭಾಗದ ಎಳೆಯ ಕಣ್ಣುಗಳನ್ನು ಆರಿಸುತ್ತೀರಲ್ಲವೇ? ಇಲ್ಲಿಯೂ ತುದಿಯ ಕಡ್ಡಿಯೇ ಉತ್ತಮ. 10ರಿಂದ 15 ಸೆಂ.ಮೀ. ಉದ್ದದ ತುದಿಗಳನ್ನು ತೆಗೆದುಕೊಂಡು, ಕೆಳಗಿನ ಒಂದೆರಡು ಗೆಣ್ಣುಗಳ ಎಲೆಗಳನ್ನು ಬಿಡಿಸಬೇಕು. ಬಿಡಿಸದಿದ್ದರೆ ಅವು ಮರಳಿನೊಳಗೆ ಕೊಳೆಯುತ್ತವೆ. ಎಲೆ ಬಿಡಿಸಿದ ಗೆಣ್ಣುಗಳಿಂದಲೇ ಬೇರು ಹೊರಡುವುದರಿಂದ ಅವು ಮರಳಿನೊಳಗೆ ಮುಚ್ಚಿಕೊಳ್ಳುವಂತೆ ನೆಡಬೇಕು. ಚಿಮಟದಿಂದ ಕಡ್ಡಿಯ ಬುಡ ಹಿಡಿದು, ಸ್ವಲ್ಪ ಓರೆಯಾಗಿ 3 ಸೆಂ.ಮೀ. ಆಳಕ್ಕೆ ಊರಿದರೆ ಕಡ್ಡಿ ಮೇಲಕ್ಕೆ ತೇಲುವುದಿಲ್ಲ. ಅಂಗಡಿಯ ಕಟ್ಟನ್ನು ಹಾಗೆಯೇ ನೆಡದೆ ಬಿಡಿಬಿಡಿಯಾಗಿ, 2–3 ಸೆಂ.ಮೀ. ಅಂತರದಲ್ಲಿ ನೆಡಿ. ಬುಡಕ್ಕೂ ಬೆಳಕು ತಲುಪಬೇಕು.

ಹಲವು ಸಲ ಸವರಿದ ಬುಡ ಬಲಿತು ಸೊರಗುತ್ತದೆ. ಆಗ ಹಳೆಯ ಬುಡಗಳನ್ನು ಕಿತ್ತು, ಒಳ್ಳೆಯ ತುದಿಗಳಿಂದಲೇ ಮಡಿಯನ್ನು ಹೊಸದಾಗಿ ನೆಡಬೇಕು.

ನೀರಿನ ಹೊರಗೆ ಬೆಳೆಸುವುದು

ಮಾರಾಟಕ್ಕೆ ಬೆಳೆಯುವವರಿಗೆ ಇನ್ನೊಂದು ಅನುಕೂಲವಿದೆ. ಬಕೋಪಾ, ರೋಟಾಲಾ, ಹೈಗ್ರೋಫಿಲಾ, ಲಡ್ವಿಜಿಯಾಗಳು ನೀರಿನ ಹೊರಗೂ ಬೆಳೆಯುತ್ತವೆ. ನೆರಳುಬಲೆಯ ಕೆಳಗೆ, ಅಗಲವಾದ ತಟ್ಟೆಯಲ್ಲಿ 5 ಸೆಂ.ಮೀ. ಮಣ್ಣು–ಮರಳು ಹರಡಿ ಕೆಸರಾಗುವಷ್ಟು ನೀರು ನಿಲ್ಲಿಸಿ, ಕಡ್ಡಿ ನೆಟ್ಟು, ತೇವ ಆರದಂತೆ ಪಾಲಿಥೀನ್ ಹಾಳೆ ಹೊದಿಸಬೇಕು. ಹೀಗೆ ಬೆಳೆದ ಗಿಡಗಳಿಗೆ ಪಾಚಿಯ ಕಾಟ ಕಡಿಮೆ. ಆದರೆ ಅವನ್ನು ನೀರಿನಲ್ಲಿ ಮುಳುಗಿಸಿದಾಗ ಹಳೆಯ ಎಲೆಗಳು ಉದುರಿ ಬೇರೆ ರೂಪದ ಹೊಸ ಎಲೆಗಳು ಬರುತ್ತವೆ. ಇದನ್ನು ಕೊಳ್ಳುವವರಿಗೆ ಮೊದಲೇ ತಿಳಿಸದಿದ್ದರೆ ಗಿಡ ಸತ್ತಿತೆಂದು ದೂರುತ್ತಾರೆ. ಕೀಟನಾಶಕವನ್ನು ಈ ಮಡಿಗಳ ಹತ್ತಿರ ಸುಳಿಸಬೇಡಿ. ಎಲೆಗೆ ಅಂಟಿದ ಅಲ್ಪ ಅಂಶವೂ ತೊಟ್ಟಿಯ ಮೀನು, ಸಿಗಡಿಗಳನ್ನು ಕೊಲ್ಲಬಲ್ಲದು.

ಕತ್ತರಿಸಿದ ಚೂರುಗಳನ್ನು ಏನು ಮಾಡಬೇಕು?

ಇದೇ ಎಲ್ಲಕ್ಕಿಂತ ಮುಖ್ಯವಾದ ಮಾತು. ಒಂದು ಗೆಣ್ಣಿರುವ ಚೂರು ಕಾಲುವೆಗೆ ಬಿದ್ದರೂ ಸಾಕು, ಅದು ಬೇರು ಬಿಡಬಲ್ಲದು. 2020ರಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯ ಆವಳ ಪಾಂಡಿ ಎಂಬಲ್ಲಿ ನೀರಿನ ತುಂಬ ನಸುಗೆಂಪು ಹೂವು ಹಾಸಿದ್ದನ್ನು ನೋಡಲು ಜನ ಗುಂಪುಗುಂಪಾಗಿ ಬಂದರು. ಆ ಹೂವು ಅಮೆರಿಕ ಖಂಡದ ಕಬೋಂಬಾ ಗಿಡದ್ದು, ಅಕ್ವೇರಿಯಂಗೆಂದು ಮಾರುವ ಜಾತಿ. ನೋಡಲು ಚೆಂದ, ಆದರೆ ಅದು ದಟ್ಟವಾಗಿ ಬೆಳೆದಲ್ಲಿ ನೀರಿನ ಹರಿವು ತಡೆಯುತ್ತದೆ, ನಾಡಗಿಡಗಳಿಗೆ ಜಾಗ ಉಳಿಯುವುದಿಲ್ಲ. ಬ್ರೆಜಿಲ್ ಮೂಲದ ಸಾಲ್ವೀನಿಯಾ ಕಳೆ ಮೊಳೆಯುವ ಬೀಜವನ್ನೇ ಕೊಡದು. ಬರೀ ತುಂಡುಗಳಿಂದಲೇ ಅದು ಕೇರಳದ ಗದ್ದೆ, ಕಾಲುವೆಗಳನ್ನು ಮುಚ್ಚಿತು.

ಆದುದರಿಂದ ಈ ಕೆಳಗಿನ ಕ್ರಮಗಳನ್ನು ತಪ್ಪದೆ ಪಾಲಿಸಿ:

1. ಚೂರುಗಳನ್ನು ಕೆರೆ, ಕಾಲುವೆ, ಚರಂಡಿಗೆ ಹಾಕಬೇಡಿ. ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಅನಂತರ ಗೊಬ್ಬರದ ಗುಂಡಿಗೆ ಸೇರಿಸಿ.
2. ತೊಟ್ಟಿಯ ನೀರನ್ನು ಬಟ್ಟೆಯಲ್ಲಿ ಸೋಸಿ ತೋಟದ ಗಿಡಗಳಿಗೆ ಹಾಕಿ.
3. ಮಡಿಗಳನ್ನು ಮಳೆನೀರು ಹರಿಯುವ ಜಾಗದಿಂದ ದೂರವಿಡಿ.
4. ಕಬೋಂಬಾ ಬಿಟ್ಟು ಬಕೋಪಾ, ರೋಟಾಲಾಗಳಂತಹ ನಮ್ಮ ಜಾತಿಗಳನ್ನು ಆರಿಸಿ. ಅವನ್ನೂ ಕಾಡಿನಿಂದ ಕಿತ್ತು ತರದೆ, ಕಡ್ಡಿಯಿಂದಲೇ ವೃದ್ಧಿ ಮಾಡಿ.

ಕೆರೆ ಒಬ್ಬರದಲ್ಲ. ಒಂದು ಮನೆಯ ತೊಟ್ಟಿಯಿಂದ ಹೊರಬಿದ್ದ ಕಳೆಯನ್ನು ತೆಗೆಯಲು ಇಡೀ ಊರು ಬೆವರು ಸುರಿಸಬೇಕಾಗುತ್ತದೆ. ಗಿಡ ಮಾರುವಾಗ ಈ ಮಾತನ್ನೂ ಕೊಳ್ಳುವವರಿಗೆ ತಿಳಿಸಿರೆಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.