ಶನಿವಾರ ಆ ಬೀಗ ತೆಗೆಯುವವರು ಯಾರು?

(ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ವೇದಿಕೆ ಹತ್ತಿ ಅಭ್ಯಾಸವಿಲ್ಲದವನು ನಾನು. ನಿಮ್ಮ ಕರಪತ್ರ, ಭಿತ್ತಿಪತ್ರಗಳನ್ನು ಅಚ್ಚು ಹಾಕಿಕೊಡುವವನು. ಓದಿದ್ದು ಪಿಯುಸಿ. ಕಂಪ್ಯೂಟರ್ ಕಲಿತದ್ದು ನಮ್ಮ ಪ್ರೆಸ್ಸಿನಲ್ಲೇ, ಡಿಟಿಪಿ ಮಾಡುತ್ತ ಮಾಡುತ್ತ. ಇಂಥವನು ನಾಲ್ಕು ವರ್ಷಗಳಿಂದ ನಮ್ಮ ಬಡಾವಣೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಮಕ್ಕಳ ಗಣಕ ಕೂಟ ನಡೆಸುತ್ತಿದ್ದಾನೆ ಎಂದರೆ ನಗುವವರಿದ್ದಾರೆ. ನಗಲಿ. ಪೂರ್ತಿ ಕೇಳಿಸಿಕೊಂಡು ನಗಲಿ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆ ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ಇತ್ತು, ಕೋಣೆಗೆ ಬೀಗವೂ ಇತ್ತು. ಒಳಗೆ ಹನ್ನೊಂದು ಯಂತ್ರ. ಜೀವ ಇದ್ದದ್ದು ಐದಕ್ಕೆ. ಮುಖ್ಯೋಪಾಧ್ಯಾಯಿನಿಯವರು ಬೀಗದ ಕೈ ನನ್ನ ಕೈಗಿತ್ತು, 'ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಬನ್ನಿ' ಎಂದರು. ಮೊದಲ ದಿನ ಇಪ್ಪತ್ತಾರು ಮಕ್ಕಳು. ನಾನು ಮಾಡಿದ್ದೇನು? ಮೆನುವಿನಲ್ಲಿದ್ದ ಇಂಗ್ಲಿಷ್ ಪದಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ ಎಂದೆ. ಆಮೇಲೆ ಟೈಪಿಂಗ್, ಮತ್ತೆ ಟೈಪಿಂಗ್. ಎರಡು ತಿಂಗಳಿಗೆ ಉಳಿದವರು ಒಂಬತ್ತು ಜನ.

ಬಿಟ್ಟುಹೋದ ಹುಡುಗನೊಬ್ಬ ಸೈಕಲ್ ಅಂಗಡಿ ಹತ್ತಿರ ಸಿಕ್ಕಿದ. 'ಯಾಕಪ್ಪಾ ಬರ್ತಾ ಇಲ್ಲ?' ಎಂದೆ. 'ಅದು ಇಂಗ್ಲಿಷ್ ಬರೋರಿಗೆ ಸಾರ್' ಎಂದ. ಅಷ್ಟೇ ಹೇಳಿದ್ದು. ಅಂಗಡಿಗಳ ಮೇಲೆ ಕನ್ನಡ ಫಲಕ ಬೇಕೆಂದು ಇಪ್ಪತ್ತು ವರ್ಷ ನಿಮ್ಮ ಜೊತೆ ಬೀದಿಯಲ್ಲಿ ಕೂಗಿದ ನಾನು, ಆ ಕೋಣೆಯ ಬಾಗಿಲಿಗೆ 'ಇಂಗ್ಲಿಷ್ ಬಾರದವರಿಗೆ ಪ್ರವೇಶವಿಲ್ಲ' ಎಂಬ ಫಲಕ ತೂಗುಹಾಕಿದ್ದೆ!

ಮುಂದಿನ ಶನಿವಾರ ಯಂತ್ರ ಮುಟ್ಟಲಿಲ್ಲ. ಮಕ್ಕಳನ್ನು ಅಂಗಳಕ್ಕೆ ಕರೆದೆ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪೇಪರ್ಟ್, ವಾಲಿ ಫ್ಯೂರ್ಜೈಗ್, ಸಿಂಥಿಯಾ ಸಾಲೊಮನ್ ಮತ್ತಿತರರು ಮಕ್ಕಳಿಗಾಗಿ ಲೋಗೋ ಎಂಬ ಭಾಷೆ ಕಟ್ಟಿದರು. ಪರದೆಯ ಮೇಲಿನ ಆಮೆಗೆ ಆಜ್ಞೆ ಕೊಟ್ಟರೆ ಅದು ನಡೆದು ಗೆರೆ ಎಳೆಯುತ್ತದೆ. ನಮ್ಮ ಯು.ಬಿ. ಪವನಜ ಅವರು ಅದನ್ನು ಕನ್ನಡದ ಆಜ್ಞೆಗಳಿಗೆ ನಡೆಯುವಂತೆ ಮಾಡಿದರು. ನಮ್ಮ ಅಂಗಳದಲ್ಲಿ ಒಬ್ಬ ಹುಡುಗನೇ ಆಮೆ, ಉಳಿದವರು ಒಡೆಯರು. 'ಮುಂದೆ ನಾಲ್ಕು ಹೆಜ್ಜೆ. ಬಲಕ್ಕೆ ತಿರುಗು.' ನಾಲ್ಕು ಸಲ ಹೇಳಿದರೆ ಚೌಕ. ಸರಿ, ತ್ರಿಕೋನ? ಒಳಗಿನ ಕೋನ 60 ಡಿಗ್ರಿ ಎಂದು 60 ತಿರುಗಿಸಿದರು. ಆಮೆ ಎಲ್ಲೋ ಹೋಗಿ ನಿಂತಿತು! ಅರ್ಧ ಗಂಟೆ ಜಗಳ. ಕೊನೆಗೆ ಆ ಆಮೆ ಹುಡುಗನೇ, 'ನಾನು ತಿರುಗೋದು ಹೊರಗಡೆ ಕಣ್ರೋ, 120' ಎಂದ. ಆ ಜಗಳವೇ ಕಂಪ್ಯೂಟರ್ ಪಾಠ, ಗೆಳೆಯರೇ. ಹಂತ ಬಿಡಿಸಿ ಹೇಳುವುದು, ತಪ್ಪು ಎಲ್ಲಿದೆ ಎಂದು ಹುಡುಕುವುದು. ಅದು ನಡೆದದ್ದು ಅಪ್ಪಟ ಕನ್ನಡದಲ್ಲಿ.

ಆಮೇಲೆ ಯಂತ್ರಕ್ಕೆ ಮರಳಿದೆವು, ಪೈಥಾನ್ ಭಾಷೆಗೆ. ಅದರ ಆಜ್ಞೆಗಳು ಇಂಗ್ಲಿಷಿನವೇ, ಸುಳ್ಳು ಹೇಳುವುದಿಲ್ಲ. ಆದರೆ 2008ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ನಾವು ಇಡುವ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು. ಬಿಸಿಯೂಟಕ್ಕೆ ಮಗುವಿಗೆ 150 ಗ್ರಾಂ ಅಕ್ಕಿ. 'ಮಕ್ಕಳು', 'ಅಕ್ಕಿ' ಎಂದು ಹೆಸರಿಟ್ಟು ಲೆಕ್ಕದ ಪ್ರೋಗ್ರಾಂ ಬರೆದರು. 212 ಎಂದು ಒತ್ತಿದರೆ 31 ಕಿಲೋ 800 ಗ್ರಾಂ ಎಂದಿತು. ಅಡುಗೆಯ ಅಕ್ಕ ನೋಡಿ, 'ಇದನ್ನ ನಾನು ಬಾಯಲ್ಲೇ ಹೇಳ್ತಿದ್ನಲ್ಲ' ಎಂದು ನಕ್ಕರು. ಮಕ್ಕಳಿಗೆ ಅದೇ ದೊಡ್ಡ ಬಹುಮಾನ.

ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, 'ಕನ್ನಡ' ಎಂಬ ಪದದಲ್ಲಿ ಎಷ್ಟು ಅಕ್ಷರ ಎಂದು ಯಂತ್ರವನ್ನು ಕೇಳಿದಳು. ಅದು ಐದು ಎಂದಿತು. 'ಮೂರಲ್ವಾ ಸಾರ್? ಇದಕ್ಕೆ ಕನ್ನಡ ಬರಲ್ವಾ?' ಎಂದಳು. ನಾನು ತಬ್ಬಿಬ್ಬಾದೆ. ಗೊತ್ತಿಲ್ಲ, ಮುಂದಿನ ವಾರ ಹೇಳುತ್ತೇನೆ ಎಂದೆ. ಸೋಮವಾರ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವಾಗ ಹೊಳೆಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ 'ಕನ್ನಡ' ಎಂದು ಮೂಡಿಸಲು ಕ ಒತ್ತಬೇಕು, ನ ಒತ್ತಬೇಕು, ಒತ್ತಕ್ಷರಕ್ಕಾಗಿ ಎಫ್ ಕೀಲಿ ಒತ್ತಬೇಕು, ಮತ್ತೆ ನ, ಆಮೇಲೆ ಡ. ಐದು ಸಲ! 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟ ಯೂನಿಕೋಡ್ ಸಂಕೇತವೂ ಆ ಪದವನ್ನು ಹೀಗೆ ಐದಾಗಿಯೇ ಇಡುತ್ತದೆ. ಪರದೆಯ ಮೇಲೆ ಜೋಡಿಸಿ ಮೂರಾಗಿ ತೋರಿಸುತ್ತದೆ. ಇಪ್ಪತ್ತು ವರ್ಷದಿಂದ ನನ್ನ ಬೆರಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಹೇಳಿಕೊಟ್ಟದ್ದು ಆ ಹುಡುಗಿಯ ಪ್ರಶ್ನೆ. ಆ ಪ್ರಶ್ನೆ ತನ್ನ ನುಡಿಯಲ್ಲಿ ಯೋಚಿಸುವ ಮಗುವಿಗೇ ಬರುವಂಥದ್ದು.

ಹಿಂದೆಯೂ ಯಂತ್ರ ಬರಲಿಲ್ಲವೆಂದಲ್ಲ. 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆ ಹಾಕಿ, ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗಳನ್ನು ಶಾಲೆಗಳಿಗೆ ಕೊಟ್ಟಿತು. ಯಂತ್ರ ಕೊಟ್ಟರೆ ಸಾಲದು, ಸ್ವಾಮಿ. ಜೊತೆಗೆ ಕೂತು 'ಯಾಕೆ ಹೀಗಾಯ್ತು ನೋಡೋಣ ಬಾ' ಎನ್ನುವ ಮನುಷ್ಯ ಬೇಕು.

ನಡೆಸುವುದು ಹೇಗೆ ಎಂದು ಕೇಳುತ್ತೀರಿ. ಮುಖ್ಯ ಶಿಕ್ಷಕರ, ಎಸ್‌ಡಿಎಂಸಿಯವರ ಒಪ್ಪಿಗೆ ಬರವಣಿಗೆಯಲ್ಲಿರಲಿ. ಶಾಲೆಯ ಒಬ್ಬ ಟೀಚರ್ ಜೊತೆಗಿರಲಿ. ಒಂದು ಯಂತ್ರಕ್ಕೆ ಇಬ್ಬರು ಮಕ್ಕಳು. ಹಿಂಜರಿಯುವವರ ಕೈಗೇ ಮೌಸ್ ಕೊಡಿ. ಹಳೇ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಜೀವ ಬರುತ್ತದೆ, ಪರವಾನಗಿಗೆ ಕಾಸಿಲ್ಲ. ಪರೀಕ್ಷೆ ಬೇಡ, ಸರ್ಟಿಫಿಕೇಟ್ ಬೇಡ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಒಂದು ಹಿಡಿ ಕಡಲೆಕಾಯಿ ಇದ್ದರೆ ಒಳ್ಳೆಯದು, ಹಸಿದ ಹೊಟ್ಟೆಗೆ ಯಾವ ವಿದ್ಯೆಯೂ ಹತ್ತುವುದಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವವರು. ನನಗಿಂತ ನೂರು ಪಾಲು ಬಲ್ಲವರು. ನಾನು ಒಬ್ಬ. ಮಾಘ, ಫಾಲ್ಗುಣ ಬಂದರೆ ಲಗ್ನಪತ್ರಿಕೆಗಳ ರಾಶಿ; ಶನಿವಾರ ಪ್ರೆಸ್ ಬಿಟ್ಟು ಕದಲಲಾಗುವುದಿಲ್ಲ. ಕಳೆದ ಸಲ ಮೂರು ಶನಿವಾರ ತಪ್ಪಿಸಿದೆ. ನಾಲ್ಕನೆಯ ಶನಿವಾರ ಹೋದರೆ, ಆ ಮೂರೂ ವಾರ ಮಕ್ಕಳು ಬಂದು ಬೀಗ ನೋಡಿಕೊಂಡು ಹೋದರು ಎಂದು ಆಯಾ ಹೇಳಿದರು. ಕರುಳು ಕಿವುಚಿದಂತಾಯಿತು.

ಮೆರವಣಿಗೆಗೆ ಬನ್ನಿ, ಬೇಡವೆನ್ನುವುದಿಲ್ಲ. ಕರಪತ್ರ ನಾನೇ ಅಚ್ಚು ಹಾಕಿಕೊಡುತ್ತೇನೆ. ಆದರೆ ಶಾಲೆಗೊಬ್ಬರಲ್ಲ, ಇಬ್ಬರು ಬೇಕು. ಒಬ್ಬರು ತಪ್ಪಿದರೆ ಇನ್ನೊಬ್ಬರು. ವಾರಕ್ಕೆ ಒಂದೂವರೆ ಗಂಟೆ. ಬೀಗದ ಕೈ ನನ್ನ ಜೇಬಿನಲ್ಲೇ ಇದೆ. ಈ ಶನಿವಾರ ನನ್ನ ಜೊತೆ ಬರುವವರು ಯಾರು?