ಉಣ್ಣಿ ಸಣ್ಣದು, ಜ್ವರ ದೊಡ್ಡದು



ನಮ್ಮ ಬಾಗಲಕೋಟೆ ಸೀಮೆಯಲ್ಲಿ ದನ, ಕುರಿ, ನಾಯಿ ಇಲ್ಲದ ಊರು ಐತೇನು? ಇಲ್ಲ. ಬಾದಾಮಿ ಗುಡ್ಡದ ಕಡೆ ಕುರಿ ಹಿಂಡು. ಹುನಗುಂದದ ಹೊಲದಲ್ಲಿ ಎತ್ತು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಬಾಗಿಲ ಮುಂದೆ ನಾಯಿ. ಅದರ ಕಿವಿಯಲ್ಲಿ ಉಣ್ಣಿ. ನಮ್ಮ ಮಕ್ಕಳು ಅದೇ ನಾಯಿಯ ಕೂಡ ಆಡುತ್ತಾರೆ.

ಇಂದು ಆ ಉಣ್ಣಿಯ ಮಾತು ಆಡೋಣ.

ಉಣ್ಣಿ ರಕ್ತ ಹೀರುತ್ತದೆ. ಕೆಲವು ಉಣ್ಣಿಗಳ ಮೈಯಲ್ಲಿ ರೋಗಾಣು ಇರುತ್ತದೆ. ಕಚ್ಚಿದಾಗ ಅದು ನಮ್ಮ ರಕ್ತಕ್ಕೆ ಸೇರುತ್ತದೆ. ಈ ಜ್ವರಕ್ಕೆ ವೈದ್ಯರು ಟಿಕ್ ಟೈಫಸ್ ಎನ್ನುತ್ತಾರೆ. ಟೈಫಾಯಿಡ್ ಬೇರೆ, ಇದು ಬೇರೆ. ಅಮೆರಿಕದಲ್ಲಿಯೂ ಇಂಥ ಜ್ವರವಿದೆ. ಅದು ಉಣ್ಣಿಯಿಂದ ಹರಡುತ್ತದೆ ಎಂದು 1906ರಲ್ಲಿ ರಿಕೆಟ್ಸ್ ಎಂಬ ವೈದ್ಯರು ತೋರಿಸಿದರು. ರೋಗಾಣುವಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಮಲೆನಾಡಿನ ಮಂಗನ ಕಾಯಿಲೆಯೂ ಉಣ್ಣಿಯಿಂದಲೇ ಬರುತ್ತದೆ. ಅದು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಕಂಡಿತು. ಆದರೆ ಅದು ವೈರಸ್ ರೋಗ. ಅದನ್ನು ಕೊಲ್ಲುವ ಮಾತ್ರೆ ಇಲ್ಲ. ಟಿಕ್ ಟೈಫಸ್‌ಗೆ ಮಾತ್ರೆ ಇದೆ. ಇದು ನಮ್ಮ ಭಾಗ್ಯ.

ಗುರುತು ಹೇಗೆ? ಜೋರು ಜ್ವರ. ತಲೆನೋವು. ಮೈಕೈ ನೋವು. ಮೂರು, ನಾಲ್ಕು ದಿನಕ್ಕೆ ಮೈಮೇಲೆ ಕೆಂಪು ಗುಳ್ಳೆ, ಚುಕ್ಕೆ. ಅಂಗೈ, ಅಂಗಾಲಿನಲ್ಲೂ ಏಳಬಹುದು.

ಇಲ್ಲೇ ನಾವು ತಪ್ಪುತ್ತೇವೆ. ‘ಅಮ್ಮ ಬಂದಾಳವ್ವ, ದವಾಖಾನಿಗೆ ಒಯ್ಯಬ್ಯಾಡ’ ಎನ್ನುತ್ತಾರೆ ಹಿರಿಯರು. ಬೇವಿನ ಸೊಪ್ಪು ಕಟ್ಟಿ ಕೂಡುತ್ತೇವೆ. ದಿನ ಕಳೆಯುತ್ತದೆ. ರೋಗ ಮಿದುಳು, ಶ್ವಾಸಕೋಶ, ಮೂತ್ರಪಿಂಡಕ್ಕೆ ಇಳಿಯುತ್ತದೆ. ಜೀವವೇ ಹೋಗಬಹುದು.

ದೇವಿಗೆ ಕೈ ಮುಗಿಯೋಣ, ಬೇಡವೆನ್ನುವುದಿಲ್ಲ. ಆದರೆ ಮಗುವನ್ನು ಅಂದೇ ಸರ್ಕಾರಿ ದವಾಖಾನೆಗೆ ಒಯ್ಯೋಣ. ‘ಮನೆಯಲ್ಲಿ ನಾಯಿ ಐತ್ರಿ, ಉಣ್ಣಿ ಕಚ್ಚಿತ್ರಿ’ ಎಂದು ವೈದ್ಯರಿಗೆ ಹೇಳೋಣ. ಕಚ್ಚಿದ್ದು ಕಾಣದಿದ್ದರೂ ದನ, ನಾಯಿ ಇರುವುದನ್ನು ಹೇಳೋಣ. ಡಾಕ್ಸಿಸೈಕ್ಲಿನ್ ಎಂಬ ಔಷಧಿ ಇದಕ್ಕೆ ಮದ್ದು. ಬೇಗ ಕೊಟ್ಟರೆ ಎರಡು, ಮೂರು ದಿನದಲ್ಲಿ ಜ್ವರ ಇಳಿಯುತ್ತದೆ. ವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ನಾವೇ ಅಂಗಡಿಯಿಂದ ತರಬಾರದು.

ಉಣ್ಣಿ ಕಚ್ಚಿದ್ದರೆ ಸುಡಬೇಡಿ. ಸೀಮೆಎಣ್ಣೆ ಹಚ್ಚಬೇಡಿ. ಬೆರಳಿನಿಂದ ಹಿಚುಕಬೇಡಿ. ಚಿಮಟಿಗೆಯಿಂದ ಚರ್ಮದ ಹತ್ತಿರ ಹಿಡಿದು ಮೆಲ್ಲಗೆ ನೇರವಾಗಿ ಎಳೆಯಿರಿ. ಸೋಪು ಹಚ್ಚಿ ತೊಳೆಯಿರಿ. ಮಕ್ಕಳ ತಲೆ, ಕಿವಿಯ ಹಿಂದೆ, ಕಂಕುಳು ದಿನಾಲೂ ನೋಡಿ. ನಾಯಿ, ದನಗಳ ಉಣ್ಣಿಗೆ ಪಶು ವೈದ್ಯರಿಂದ ಔಷಧಿ ಕೇಳಿ.

ಇನ್ನೊಂದು ಮಾತು. ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಮಗುವನ್ನು ದೂರ ಇಡಬೇಡಿ.

ಕಡೆಗೆ ಒಂದು ಕೆಲಸ. ಜ್ವರ ಬಂದ ದಿನ, ಗುಳ್ಳೆ ಎದ್ದ ದಿನ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅದು ವೈದ್ಯರಿಗೆ ದಾರಿ ತೋರಿಸುತ್ತದೆ. ಮೊದಲು ಆ ದಿನ ಎಣಿಸಲು ಇನ್ನೊಬ್ಬರನ್ನು ಕೇಳುತ್ತಿದ್ದೆವು. ಈಗ ನಮಗೇ ಬರೆಯಲು ಬರುತ್ತದಲ್ಲ!