ರಕ್ತ ಒಸರುವ ವಸಡು

ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದಾಗ ನೀರಿನೊಡನೆ ಒಂದೆಳೆ ರಕ್ತ ಕಾಣುವುದು ನಮ್ಮಲ್ಲಿ ಬಹು ಮಂದಿಗೆ ಹೊಸದಲ್ಲ. ಬ್ರಷ್ಷು ತಗುಲಿರಬೇಕು, ಇಲ್ಲವೆ ಉಷ್ಣವಾಗಿರಬೇಕು ಎಂದುಕೊಂಡು ಆ ಭಾಗವನ್ನು ಉಜ್ಜುವುದನ್ನೇ ಬಿಟ್ಟುಬಿಡುತ್ತೇವೆ. ನೋವಂತೂ ಇಲ್ಲ, ವೈದ್ಯರ ಬಳಿಗೆ ಏಕೆ ಹೋಗಬೇಕು? ಇಂದು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಈ ನೋವಿಲ್ಲದ ರೋಗವನ್ನು ಕುರಿತೇ. ಹುಳುಕುಹಲ್ಲು ರಾತ್ರಿಯೆಲ್ಲ ನಿದ್ದೆಗೆಡಿಸಿ ನಿಮ್ಮನ್ನು ವೈದ್ಯರಲ್ಲಿಗೆ ಕಳುಹಿಸುತ್ತದೆ. ವಸಡಿನ ರೋಗ ಹಾಗಲ್ಲ, ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ.

ಹಲ್ಲು ವಸಡಿಗೆ ಕೂಡುವ ಅಂಚಿನಲ್ಲಿ ದಿನವೂ ಅಣುಜೀವಿಗಳ ಒಂದು ಅಂಟುಪೊರೆ ಕಟ್ಟುತ್ತದೆ. ಇದನ್ನು ನಾವು ಪಾಚಿ ಎನ್ನುತ್ತೇವೆ. ರೋಗದ ಮೂಲ ಇದೇ ಎಂಬುದನ್ನು 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ಒಂದು ಸರಳ ಪ್ರಯೋಗದಿಂದ ತೋರಿಸಿಕೊಟ್ಟರು. ವಸಡು ಚೆನ್ನಾಗಿದ್ದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡಿನಲ್ಲೂ ಉರಿಯೂತ ಕಾಣಿಸಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ಆದ್ದರಿಂದ ರಕ್ತ ಕಂಡರೆ ಉಜ್ಜುವುದನ್ನು ಬಿಡಬೇಡಿ. ಮೃದುವಾಗಿ, ಇನ್ನೂ ಗಮನವಿಟ್ಟು ಉಜ್ಜಿ. ಈ ಹಂತದಲ್ಲಿ ರೋಗ ಪೂರ್ತಿ ಗುಣವಾಗುತ್ತದೆ.

ಅಲಕ್ಷ್ಯ ಮಾಡಿದರೆ ಮುಂದಿನ ಕಥೆ ಬೇರೆ. ಎಂಜಲಿನ ಲವಣಗಳು ಸೇರಿ ಪಾಚಿ ಗಾರೆಯಂತೆ ಗಟ್ಟಿಯಾಗುತ್ತದೆ. ಅದು ಯಾವ ಬ್ರಷ್ಷಿಗೂ ಬಗ್ಗದು. ವಸಡು ಹಲ್ಲಿನಿಂದ ಬಿಟ್ಟುಕೊಂಡು ನಡುವೆ ಸಂದಾಗುತ್ತದೆ. ಆರೋಗ್ಯವಾದ ವಸಡಿನಲ್ಲಿ ಈ ಸಂದಿನ ಆಳ 1ರಿಂದ 3 ಮಿಲಿಮೀಟರ್. ರೋಗ ಬಲಿತಂತೆ ಅದು ಜೇಬಿನಂತೆ ಆಳವಾಗುತ್ತದೆ. ಅಣುಜೀವಿಗಳೊಡನೆ ದೇಹ ನಡೆಸುವ ಹೋರಾಟದಲ್ಲಿ ಹಲ್ಲನ್ನು ಹಿಡಿದ ಮೂಳೆಯೇ ಕರಗುತ್ತದೆ. ಬಾಯಿ ನಾರುತ್ತದೆ, ಕೀವು ಒಸರುತ್ತದೆ, ಹಲ್ಲು ಅಲುಗಾಡುತ್ತದೆ. ಹಿಂದಿನವರು ಪಯೋರಿಯಾ ಎನ್ನುತ್ತಿದ್ದುದು ಇದನ್ನೇ.

"ನಮ್ಮ ಅಜ್ಜ ಒಂದು ದಿನವೂ ಬ್ರಷ್ಷು ಹಿಡಿದವರಲ್ಲ, ಎಂಬತ್ತರಲ್ಲೂ ಚಕ್ಕುಲಿ ಕಡಿಯುತ್ತಿದ್ದರು" ಎನ್ನುವವರುಂಟು. ಇರಬಹುದು. ದಂತಚಿಕಿತ್ಸೆಯೇ ಇಲ್ಲದಿದ್ದ ಶ್ರೀಲಂಕೆಯ 480 ಮಂದಿ ಚಹಾತೋಟದ ಕೂಲಿಗಾರರನ್ನು ಲೋ ಅವರ ತಂಡ 1970ರಿಂದ 1985ರವರೆಗೆ ಗಮನಿಸಿತು. ನೂರಕ್ಕೆ 11 ಮಂದಿಯಲ್ಲಿ ರೋಗ ಉರಿಯೂತದಿಂದ ಮುಂದಕ್ಕೆ ಹೋಗಲಿಲ್ಲ. 81 ಮಂದಿಯಲ್ಲಿ ಸಾಧಾರಣ ವೇಗದಲ್ಲಿ, 8 ಮಂದಿಯಲ್ಲಿ ಬಹು ಬೇಗ ಬೆಳೆಯಿತು. ನಿಮ್ಮ ಅಜ್ಜ ಆ 11ರಲ್ಲಿ ಒಬ್ಬರಾಗಿದ್ದರೆಂದು ನೀವೂ ಹಾಗೆಯೇ ಆಗಬೇಕಿಲ್ಲ. ಹೊಗೆಸೊಪ್ಪು, ಬೀಡಿ, ಸಿಗರೇಟು ಈ ರೋಗವನ್ನು ಬೆಳೆಸುತ್ತವೆ. ಧೂಮಪಾನವಂತೂ ರಕ್ತಸ್ರಾವವನ್ನು ಮರೆಮಾಚಿ ಮೋಸಮಾಡುತ್ತದೆ. ಸಕ್ಕರೆ ಕಾಯಿಲೆಯವರಿಗೆ ವಸಡು ಬೇಗ ಕೆಡುತ್ತದೆ. ಕೆಟ್ಟ ವಸಡು ಸಕ್ಕರೆಯ ಹತೋಟಿಯನ್ನೂ ಕಷ್ಟವಾಗಿಸುತ್ತದೆ.

ಇನ್ನು ಚಿಕಿತ್ಸೆ. ವೈದ್ಯರು ಮೊದಲು ಸಂದಿನ ಆಳವನ್ನು ಅಳೆದು, ಬೇಕಾದರೆ ಎಕ್ಸ್-ರೇ ತೆಗೆಸಿ ಮೂಳೆಯನ್ನು ನೋಡುತ್ತಾರೆ. ಆಮೇಲೆ ಗಾರೆಯನ್ನು ಕೆರೆದು ತೆಗೆಯುತ್ತಾರೆ. ಸಂದು ಆಳವಾಗಿದ್ದರೆ ಜೋಮು ಹಿಡಿಸುವ ಚುಚ್ಚುಮದ್ದು ಕೊಟ್ಟು ಬೇರಿನ ಮೈಯನ್ನೂ ಶುಚಿಮಾಡುತ್ತಾರೆ. ಕೆಲವು ವಾರಗಳ ಬಳಿಕ ಮತ್ತೆ ಅಳೆಯುತ್ತಾರೆ. ಬಹಳ ಮಂದಿಗೆ ಇಷ್ಟೇ ಸಾಕಾಗುತ್ತದೆ. ಆಳ ಇಳಿಯದಿದ್ದರೆ ವಸಡನ್ನು ಬಿಡಿಸಿ ಒಳಗೆ ಶುಚಿಮಾಡಿ ಹೊಲಿಯುವ ಶಸ್ತ್ರಚಿಕಿತ್ಸೆ ಉಂಟು. ಹಲ್ಲು ಕೀಳುವುದು ಕೊನೆಯ ಮಾತು. ಬರಿಯ ಮಾತ್ರೆ ನುಂಗಿದರಾಗಲಿ, ಉಪ್ಪುನೀರು ಮುಕ್ಕಳಿಸಿದರಾಗಲಿ ಗಾರೆ ಹೋಗದು.

"ಹಲ್ಲು ಕೆರೆಸಿದರೆ ಸಡಿಲವಾಗುತ್ತದೆ" ಎಂಬ ಭಯ ಮನೆಮನೆಯಲ್ಲೂ ಇದೆ. ಮೂಳೆ ಮೊದಲೇ ಕರಗಿದ್ದ ಹಲ್ಲುಗಳನ್ನು ಗಾರೆ ಒಂದಕ್ಕೊಂದು ಅಂಟಿಸಿರುತ್ತದೆ. ಅದನ್ನು ತೆಗೆದಾಗ ಇದ್ದ ಸಡಿಲ ಕಾಣುತ್ತದೆ, ಅಷ್ಟೆ. ಊತವಿಳಿದು ಹಲ್ಲುಗಳ ನಡುವೆ ಎಡೆ ಕಾಣಬಹುದು, ಕೆಲವು ದಿನ ತಣ್ಣೀರು ಜುಮ್ಮೆನ್ನಬಹುದು. ಇದಕ್ಕೆ ಹೆದರಿ ಹಿಂಜರಿದರೆ ಮೂಳೆ ಇನ್ನಷ್ಟು ಹೋಗುತ್ತದೆ. ಹೋದ ಮೂಳೆ ಬಹುಮಟ್ಟಿಗೆ ಮರಳುವುದಿಲ್ಲ. ಉಳಿದುದನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆಯ ಗುರಿ.

ಮನೆಯಲ್ಲಿ ಮಾಡಬೇಕಾದ್ದು ಹೆಚ್ಚೇನಿಲ್ಲ. ಮೆತ್ತನೆಯ ಬ್ರಷ್ಷಿನಿಂದ ದಿನಕ್ಕೆ ಎರಡು ಸಲ, ಅದರಲ್ಲೂ ರಾತ್ರಿ ಮಲಗುವ ಮುನ್ನ ತಪ್ಪದೆ, ವಸಡಿನ ಅಂಚನ್ನು ಉಜ್ಜಿ. ಹಲ್ಲುಗಳ ಎಡೆಯನ್ನು ಅದಕ್ಕೆಂದೇ ಇರುವ ದಾರದಿಂದಲೋ ಪುಟ್ಟ ಬ್ರಷ್ಷಿನಿಂದಲೋ ಶುಚಿಮಾಡಿ. ಇದ್ದಿಲು, ಇಟ್ಟಿಗೆಪುಡಿ ಬೇಡ. ಅವು ಹಲ್ಲನ್ನು ಸವೆಸುತ್ತವೆ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಕಡಲೆಯ ಮಾತು ನಮ್ಮ ಕೈಯಲ್ಲಿಲ್ಲದಿರಬಹುದು. ಹಲ್ಲಿನ ಮಾತು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ನಾಳೆ ಬೆಳಗ್ಗೆ ಮುಕ್ಕಳಿಸಿದ ನೀರನ್ನೊಮ್ಮೆ ನೋಡಿ. ಕೆಂಪು ಕಂಡರೆ ನೋವಿಗಾಗಿ ಕಾಯಬೇಡಿ.